ಕಪ್ಪು ಜನರ ಇತಿಹಾಸದ ಕೈಬರಹಗಳನ್ನು ಓದಿ ದಾಖಲಿಸುವುದು: ಡಗ್ಲಸ್ ದಿನದ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

1865ರ ನಂತರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೆದ ಒಂದು ಕೂಲಿ ಕರಾರುಪತ್ರವನ್ನು ಕಂಪ್ಯೂಟರಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗುಮಾಸ್ತನ ಓರೆ ಬರಹ. ಎಷ್ಟು ತಿಂಗಳ ದುಡಿಮೆ, ಎಷ್ಟು ಕೂಲಿ ಅಥವಾ ಬೆಳೆಯಲ್ಲಿ ಎಷ್ಟು ಪಾಲು ಎಂಬ ವಿವರಗಳೆಲ್ಲ ಮುಗಿದ ಮೇಲೆ ಪುಟದ ಕೊನೆಯಲ್ಲಿ ಸಹಿಗಳಿರುತ್ತವೆ. ಜಮೀನುದಾರ ತನ್ನ ಕೈಯಾರೆ ಸಹಿ ಹಾಕಿರುತ್ತಾನೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಈಗ ಕೂಲಿಗೆ ದುಡಿಯುವವರ ಹೆಸರುಗಳನ್ನು ಗುಮಾಸ್ತನೇ ಬರೆದು, ಪ್ರತಿಯೊಂದು ಹೆಸರಿನ ನಡುವೆ ಒಂದು ಕತ್ತರಿ ಗುರುತು ಹಾಕಿಸಿಕೊಂಡು, ಗುರುತಿನ ಮೇಲೆ ‘ಅವನ’ ಎಂದೂ ಕೆಳಗೆ ‘ಗುರುತು’ ಎಂದೂ ಇಂಗ್ಲಿಷಿನಲ್ಲಿ ಸಣ್ಣದಾಗಿ ಬರೆದಿರುತ್ತಾನೆ. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿಸುತ್ತಿದ್ದ ಜಾಗ ಅದು. ಗುಲಾಮರಿಗೆ ಓದುಬರಹ ಕಲಿಸುವುದನ್ನು ಹಲವು ರಾಜ್ಯಗಳಲ್ಲಿ ಕಾನೂನೇ ನಿಷೇಧಿಸಿದ್ದ ಕಾಲ ಮುಗಿದು ಇನ್ನೂ ಒಂದೆರಡು ವರ್ಷ ಕಳೆದಿರುವುದಿಲ್ಲ. ಆ ಗುರುತನ್ನು ಒತ್ತಿದ ಕೈ ನಡುಗಿತ್ತೋ ಗಟ್ಟಿಯಾಗಿತ್ತೋ ಎಂಬುದು ಶಾಯಿಯಲ್ಲಿ ಇಂದಿಗೂ ಕಾಣುತ್ತದೆ.

ಈ ಪುಟ ಸ್ಕ್ಯಾನ್ ಆಗಿ ಅಂತರಜಾಲಕ್ಕೆ ಬಂದಿದ್ದರೂ ಅದು ಚಿತ್ರವಾಗಿಯೇ ಉಳಿದಿರುವಷ್ಟು ಕಾಲ ಅದರೊಳಗಿನ ಹೆಸರುಗಳು ಯಾವ ಹುಡುಕಾಟಕ್ಕೂ ಸಿಕ್ಕುವುದಿಲ್ಲ. ಯಾರಾದರೂ ಕೂತು, ಓದಿ, ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು. ಈ ಕೆಲಸಕ್ಕೆ ಇಲ್ಲಿ ಪ್ರತಿಲೇಖನ ಎಂಬ ಪದವನ್ನು ಬಳಸುತ್ತೇನೆ. ಇದಕ್ಕೆ ಇತಿಹಾಸದ ಪದವಿ ಬೇಕಿಲ್ಲ, ಅಮೆರಿಕದಲ್ಲೇ ಇರಬೇಕೆಂದೂ ಇಲ್ಲ. ಇಂಗ್ಲಿಷ್ ಓದಬಲ್ಲ, ತಾಳ್ಮೆಯುಳ್ಳ ಯಾರೇ ಆಗಲಿ ಬೆಂಗಳೂರಿನಿಂದಲೋ ಶಿರಸಿಯಿಂದಲೋ ಮಾಡಬಹುದು. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದಿದವರಿಗೆ ಇದರ ಅರ್ಧ ಭಾಗ ಆಗಲೇ ಗೊತ್ತಿರುತ್ತದೆ.

ಒಂದು ಹೆಸರಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳಿದ್ದವು. ಆ ಪಟ್ಟಿಗಳಲ್ಲಿ ಒಡೆಯನ ಹೆಸರಿರುತ್ತದೆ. ಅದರ ಕೆಳಗೆ ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ ಇಷ್ಟೇ ಇರುತ್ತವೆ. ಗುಲಾಮರಾಗಿದ್ದವರ ಹೆಸರು ಬಹುಮಟ್ಟಿಗೆ ಎಲ್ಲಿಯೂ ಇಲ್ಲ. ಕಪ್ಪು ಜನರೆಲ್ಲರನ್ನೂ ಹೆಸರು ಹಿಡಿದು ಎಣಿಸಿದ ಮೊದಲ ಜನಗಣತಿ 1870ರದು. ಆದ್ದರಿಂದ ತಮ್ಮ ಮುತ್ತಾತನ ಅಪ್ಪ ಯಾರೆಂದು ಹುಡುಕುವ ಆಫ್ರಿಕನ್ ಅಮೆರಿಕನ್ ಕುಟುಂಬಗಳು 1870ಕ್ಕೆ ಬಂದು ಗೋಡೆಗೆ ಹಾಯ್ದಂತೆ ನಿಲ್ಲುತ್ತವೆ. ಆ ಗೋಡೆಯಲ್ಲಿ ಒಂದು ಕಿಂಡಿಯಿದ್ದರೆ ಅದು ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಸರ್ಕಾರಿ ಇಲಾಖೆಯ ಕಾಗದಪತ್ರ. 1865ರ ಮಾರ್ಚ್ 3ರಂದು ಅಮೆರಿಕದ ಸಂಸತ್ತು ಸ್ಥಾಪಿಸಿದ, ಜನರಲ್ ಆಲಿವರ್ ಓಟಿಸ್ ಹೋವರ್ಡ್ ಮುಖ್ಯಸ್ಥನಾಗಿದ್ದ ಈ ಇಲಾಖೆ 1872ರವರೆಗೆ ನಡೆಯಿತು. ಬಿಡುಗಡೆಯಾದವರಿಗೆ ಪಡಿತರ ಹಂಚಿತು, ಶಾಲೆ ಮತ್ತು ಆಸ್ಪತ್ರೆಗಳನ್ನು ನಡೆಸಿತು, ಕೂಲಿ ಕರಾರು ಮಾಡಿಸಿತು, ಮದುವೆಗಳನ್ನು ನೋಂದಾಯಿಸಿತು, ಹಲ್ಲೆ ಕೊಲೆಗಳ ದೂರುಗಳನ್ನು ಬರೆದುಕೊಂಡಿತು.

ಫೆಬ್ರವರಿ 14ರ ಹಿನ್ನೆಲೆ

ಈ ಕೆಲಸವನ್ನು ಒಬ್ಬೊಬ್ಬರೇ ವರ್ಷವಿಡೀ ಮಾಡಬಹುದಾದರೂ ಜನ ಒಟ್ಟಾಗಿ ಕೂರುವ ದಿನವೊಂದಿದೆ, ಅದೇ ಫೆಬ್ರವರಿ 14ರ ಡಗ್ಲಸ್ ದಿನ. ಫ್ರೆಡರಿಕ್ ಡಗ್ಲಸ್ ಗುಲಾಮನಾಗಿ ಮೇರಿಲ್ಯಾಂಡಿನಲ್ಲಿ 1818ರ ಸುಮಾರಿಗೆ ಹುಟ್ಟಿದರು. ತಾನು ಹುಟ್ಟಿದ ದಿನ ಅವರಿಗೆ ಗೊತ್ತಿರಲಿಲ್ಲ, ಫೆಬ್ರವರಿ 14ನ್ನು ತಾವೇ ಆರಿಸಿಕೊಂಡರು. ಬಾಲ್ಟಿಮೋರಿನಲ್ಲಿ ಒಡತಿ ಅಕ್ಷರ ಕಲಿಸತೊಡಗಿದಾಗ ಒಡೆಯ ತಡೆದ. ಹುಡುಗ ಆಮೇಲೆ ಹಡಗುಕಟ್ಟೆಯಲ್ಲಿ ಮರದ ದಿಮ್ಮಿಗಳ ಮೇಲೆ ಬಡಗಿಗಳು ಬರೆದಿಡುತ್ತಿದ್ದ ಗುರುತಿನ ಅಕ್ಷರಗಳನ್ನು ನೋಡಿ ನೋಡಿ ನಕಲು ಮಾಡುತ್ತ ಬರೆಯಲು ಕಲಿತ. ಮುಂದೆ ಆತ ಆ ಶತಮಾನದ ದೊಡ್ಡ ವಾಗ್ಮಿ, ಪತ್ರಿಕಾ ಸಂಪಾದಕ ಮತ್ತು ಗುಲಾಮಗಿರಿ ವಿರೋಧಿ ನಾಯಕನಾದದ್ದು ಎಲ್ಲರಿಗೂ ತಿಳಿದದ್ದೇ. ಅವರು 1895ರಲ್ಲಿ ತೀರಿಕೊಂಡ ಮೇಲೆ, ವಾಷಿಂಗ್ಟನ್ ನಗರದ ಶಿಕ್ಷಣ ಮಂಡಳಿಯಲ್ಲಿದ್ದ ಮೇರಿ ಚರ್ಚ್ ಟೆರೆಲ್ ಎಂಬ ಕಪ್ಪು ಮಹಿಳೆಯ ಪ್ರಯತ್ನದಿಂದ 1897ರಲ್ಲಿ ಅಲ್ಲಿನ ಕಪ್ಪು ಮಕ್ಕಳ ಶಾಲೆಗಳಲ್ಲಿ ಡಗ್ಲಸ್ ದಿನದ ಆಚರಣೆ ಆರಂಭವಾಯಿತು. ಇತಿಹಾಸಕಾರ ಕಾರ್ಟರ್ ವುಡ್‌ಸನ್ 1926ರಲ್ಲಿ ಫೆಬ್ರವರಿಯ ಎರಡನೆಯ ವಾರವನ್ನು ಕಪ್ಪು ಜನರ ಇತಿಹಾಸದ ವಾರವೆಂದು ಗೊತ್ತುಮಾಡಿದ್ದಕ್ಕೆ ಲಿಂಕನ್ ಮತ್ತು ಡಗ್ಲಸ್ ಇಬ್ಬರ ಹುಟ್ಟುಹಬ್ಬವೂ ಅದೇ ವಾರದಲ್ಲಿರುವುದು ಕಾರಣ. ಅದು 1976ರಲ್ಲಿ ಇಡೀ ತಿಂಗಳಿಗೆ ಹಬ್ಬಿತು.

ಮರೆಗೆ ಸರಿದಿದ್ದ ಡಗ್ಲಸ್ ದಿನಕ್ಕೆ 2017ರಲ್ಲಿ ಮರುಜೀವ ಕೊಟ್ಟದ್ದು ಕಲರ್ಡ್ ಕನ್ವೆನ್ಷನ್ಸ್ ಪ್ರಾಜೆಕ್ಟ್ ಎಂಬ ವಿದ್ವಾಂಸರ ತಂಡ. 1830ರಿಂದ ಶತಮಾನದ ಕೊನೆಯವರೆಗೆ ಕಪ್ಪು ಜನ ಊರೂರುಗಳಲ್ಲಿ ಸೇರಿ ನಡೆಸಿದ ಸಮಾವೇಶಗಳ ನಡಾವಳಿಗಳನ್ನು ಸಂಗ್ರಹಿಸುವ ಈ ತಂಡ, ಹುಟ್ಟುಹಬ್ಬವನ್ನು ಭಾಷಣದಿಂದಷ್ಟೇ ಆಚರಿಸದೆ ಪ್ರತಿಲೇಖನದಿಂದ ಆಚರಿಸುವ ಪದ್ಧತಿ ಹಾಕಿತು. ಅಂದಿನಿಂದ ಪ್ರತಿವರ್ಷ ಆ ದಿನಕ್ಕೆ ಒಂದು ಸಂಗ್ರಹವನ್ನು ಆರಿಸಲಾಗುತ್ತದೆ: 2020ರಲ್ಲಿ ಶಿಕ್ಷಣತಜ್ಞೆ ಆನಾ ಜೂಲಿಯಾ ಕೂಪರ್, 2021ರಲ್ಲಿ ಸ್ವತಃ ಟೆರೆಲ್, 2023ರಲ್ಲಿ ಪತ್ರಿಕಾ ಸಂಪಾದಕಿ ಮೇರಿ ಆನ್ ಶಾಡ್ ಕೇರಿ, 2024ರಲ್ಲಿ ಡಗ್ಲಸರ ಪತ್ರವ್ಯವಹಾರ.

ಮೊದಲ ಹೆಜ್ಜೆ: ಯಾವ ಸಂಗ್ರಹ

ಹೊಸಬರು ಎರಡು ತಾಣಗಳನ್ನು ತಿಳಿದಿದ್ದರೆ ಸಾಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ ಆರಂಭಿಸಿದ ‘ಬೈ ದ ಪೀಪಲ್’ ಒಂದು. ಅಮೆರಿಕದ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಟ್ರಾನ್ಸ್‌ಕ್ರಿಪ್ಷನ್ ಸೆಂಟರ್ ಇನ್ನೊಂದು. ಎರಡರಲ್ಲೂ ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯದೆಯೇ ಟೈಪ್ ಮಾಡಬಹುದು. ಇತರರು ಮಾಡಿದ್ದನ್ನು ಪರಿಶೀಲಿಸಬೇಕೆಂದರೆ ಮಾತ್ರ ಖಾತೆ ಬೇಕು. ಫ್ರೀಡ್‌ಮೆನ್ಸ್ ಬ್ಯೂರೋ ಕಾಗದಗಳು ಸ್ಮಿತ್ಸೋನಿಯನ್ ತಾಣದಲ್ಲಿವೆ.

ಮೊದಲ ದಿನವೇ ಬ್ಯೂರೋ ಪತ್ರಗಳಿಗೆ ಕೈಹಾಕಬೇಡಿ ಎಂಬುದು ನನ್ನ ಸಲಹೆ. ಅಚ್ಚಾದ ಪುಟಗಳು, ಟೈಪ್‌ರೈಟರಿನಲ್ಲಿ ಹೊಡೆದ ಪತ್ರಗಳು, ಟೆರೆಲ್ ಅವರಂತಹ ಇಪ್ಪತ್ತನೆಯ ಶತಮಾನದವರ ಬರಹಗಳು ಕೈಗೆ ಬೇಗ ಒಗ್ಗುತ್ತವೆ. ಹತ್ತಿಪ್ಪತ್ತು ಪುಟ ಮಾಡಿ, ನಿಯಮಗಳು ರೂಢಿಯಾದ ಮೇಲೆ 1860ರ ದಶಕದ ಗುಮಾಸ್ತರ ಬಳಿಗೆ ಹೋಗಿ. ಹಾಗೆ ಹೋದ ಮೇಲೆ ಒಂದೇ ಕಡತಕ್ಕೆ ಅಂಟಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಬ್ಬನೇ ಗುಮಾಸ್ತನ ಕೈ ಹತ್ತನೆಯ ಪುಟದ ಹೊತ್ತಿಗೆ ಪರಿಚಿತವಾಗಿ, ಮೊದಲ ಪುಟದಲ್ಲಿ ಬಿಡಿಸಲಾಗದ ಪದ ಆಗ ತಾನಾಗಿಯೇ ತೆರೆದುಕೊಳ್ಳುತ್ತದೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಬ್ಯೂರೋ ಕಾಗದಗಳಿಂದ ಸುಮಾರು 18 ಲಕ್ಷ ಹೆಸರುಗಳನ್ನು ಹೆಕ್ಕಿ ಸೂಚಿ ಮಾಡುವ ಕೆಲಸವನ್ನು 25,000ಕ್ಕೂ ಹೆಚ್ಚು ಸ್ವಯಂಸೇವಕರು 2016ರಲ್ಲಿ ಮುಗಿಸಿದರು. ಹಾಗಾದರೆ ಮತ್ತೆ ಪ್ರತಿಲೇಖನ ಏಕೆ ಎಂದು ಕೇಳುವವರಿದ್ದಾರೆ. ಸೂಚಿ ಒಬ್ಬ ವ್ಯಕ್ತಿ ಯಾವ ಪುಟದಲ್ಲಿದ್ದಾನೆ ಎಂದು ಹೇಳುತ್ತದೆ. ಆ ಪುಟದಲ್ಲಿ ಆತ ಏನು ಕೇಳಿದ, ಯಾರ ಮೇಲೆ ದೂರು ಕೊಟ್ಟ, ಕೂಲಿ ಸಿಕ್ಕಿತೇ ಎಂಬುದು ಪೂರ್ತಿ ಪಠ್ಯವಿದ್ದರೆ ಮಾತ್ರ ತಿಳಿಯುತ್ತದೆ.

ಟೈಪ್ ಮಾಡುವ ಮೊದಲು

ಮೊಬೈಲಿನಲ್ಲಿ ಈ ಕೆಲಸ ಸಾಗುವುದಿಲ್ಲ. ಒಂದು ಪಕ್ಕದಲ್ಲಿ ಚಿತ್ರ, ಇನ್ನೊಂದು ಪಕ್ಕದಲ್ಲಿ ಟೈಪ್ ಮಾಡುವ ಪೆಟ್ಟಿಗೆ ತೆರೆದುಕೊಳ್ಳುವುದರಿಂದ ಲ್ಯಾಪ್‌ಟಾಪ್ ಅಥವಾ ಅದಕ್ಕಿಂತ ದೊಡ್ಡ ಪರದೆ ಬೇಕು. ಬ್ರೌಸರಿನಲ್ಲಿ ಕಾಗುಣಿತವನ್ನು ತಾನಾಗಿ ತಿದ್ದುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿಬಿಡಿ. ನೀವು ಕಷ್ಟಪಟ್ಟು ಓದಿದ ಹೆಸರನ್ನು ಅದು ಸದ್ದಿಲ್ಲದೆ ಬದಲಿಸಿರುತ್ತದೆ. ಆಮೇಲೆ ಆ ತಾಣದ ಸೂಚನೆಗಳ ಪುಟವನ್ನು ಪೂರ್ತಿ ಓದಿ, ಏಕೆಂದರೆ ಚಿಹ್ನೆಗಳು ಒಂದು ತಾಣದಿಂದ ಇನ್ನೊಂದಕ್ಕೆ ಬೇರೆಯಾಗುತ್ತವೆ.

ನಂತರ ದಾಖಲೆಯನ್ನು ಟೈಪ್ ಮಾಡದೆ, ಸುಮ್ಮನೆ ಮೊದಲಿನಿಂದ ಕೊನೆಯವರೆಗೆ ಓದಿ. ಅದು ಪತ್ರವೋ, ಲೆಕ್ಕದ ಪಟ್ಟಿಯೋ, ಕರಾರೋ, ಯಾವ ರಾಜ್ಯ, ಯಾವ ವರ್ಷ ಎಂಬುದು ಗೊತ್ತಾದರೆ ಮುಂದೆ ಬರುವ ಊರಿನ ಹೆಸರುಗಳನ್ನು ನಕ್ಷೆಯಲ್ಲಿ ನೋಡಿಕೊಳ್ಳಬಹುದು. ಹಿಂದಿನ ಮುಂದಿನ ಪುಟಗಳನ್ನೂ ಒಮ್ಮೆ ತಿರುವಿ ನೋಡಿ, ಏಕೆಂದರೆ ಒಂದು ಪತ್ರ ಅನೇಕ ವೇಳೆ ಎರಡು ಮೂರು ಚಿತ್ರಗಳಿಗೆ ಹರಡಿರುತ್ತದೆ.

ಅಕ್ಷರ ಬಿಡಿಸುವುದು

ಶಾನುಭೋಗರ ಮೋಡಿ ಬರಹದ ಹಳೆಯ ಪತ್ರಗಳನ್ನು ನೋಡಿದವರಿಗೆ ಈ ಕಷ್ಟ ಹೊಸದಲ್ಲ: ವೇಗದಲ್ಲಿ ಕೈ ಎತ್ತದೆ ಬರೆದಾಗ ಒಂದಕ್ಷರ ಇನ್ನೊಂದರೊಳಗೆ ಸೇರಿಹೋಗುತ್ತದೆ. ಮೋಡಿಯನ್ನು ಓದಲು ಹಿರಿಯರು ಅನುಸರಿಸುತ್ತಿದ್ದ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಖಚಿತವಾಗಿ ಓದಲು ಬರುವ ಪದಗಳನ್ನು, ಅಂದರೆ ತಿಂಗಳ ಹೆಸರು, ರಾಜ್ಯದ ಹೆಸರು, ಪತ್ರದ ಆರಂಭದ ಮತ್ತು ಮುಕ್ತಾಯದ ಮಾಮೂಲು ಒಕ್ಕಣೆಗಳನ್ನು ಮೊದಲು ಗುರುತಿಸಿಕೊಳ್ಳಿ. ಆ ಪದಗಳಲ್ಲಿ ಈ ಗುಮಾಸ್ತ ಪ್ರತಿ ಅಕ್ಷರವನ್ನು ಹೇಗೆ ತಿರುಗಿಸುತ್ತಾನೆಂದು ನೋಡಿ ಒಂದು ಹಾಳೆಯಲ್ಲಿ ಅವನ ವರ್ಣಮಾಲೆಯನ್ನು ಬರೆದಿಟ್ಟುಕೊಳ್ಳಿ. ಹತ್ತು ನಿಮಿಷ ಹಿಡಿಯುವ ಈ ಕೆಲಸ ಮುಂದೆ ಗಂಟೆಗಟ್ಟಲೆ ಉಳಿಸುತ್ತದೆ. ದೊಡ್ಡಕ್ಷರಗಳಲ್ಲಿ ಐ ಮತ್ತು ಜೆ, ಎಲ್ ಮತ್ತು ಎಸ್, ಟಿ ಮತ್ತು ಎಫ್ ಒಂದರಂತೆ ಇನ್ನೊಂದು ಕಾಣುತ್ತವೆ, ಮತ್ತು ಇವು ಬರುವುದು ಹೆಚ್ಚಾಗಿ ಹೆಸರುಗಳ ಮೊದಲಲ್ಲೇ ಆದ್ದರಿಂದ ಇಲ್ಲಿ ಎಚ್ಚರ ಬೇಕು.

ಎಲ್ಲರೂ ಎಡವುವ ಜಾಗ ಉದ್ದನೆಯ ಎಸ್. ಎರಡು ಎಸ್ ಒಟ್ಟಿಗೆ ಬಂದಾಗ ಮೊದಲನೆಯದನ್ನು ಆ ಕಾಲದ ಹಲವರು ಎಫ್‌ನಂತೆ ಮೇಲಕ್ಕೂ ಕೆಳಕ್ಕೂ ಎಳೆದು ಬರೆಯುತ್ತಿದ್ದರು. ‘ಮಿಸಿಸಿಪಿ’, ‘ಟೆನಿಸೀ’, ‘ಕಾಂಗ್ರೆಸ್’, ‘ವಿಟ್‌ನೆಸ್’ ಎಂಬ ಇಂಗ್ಲಿಷ್ ಪದಗಳು ಈ ಕಾರಣಕ್ಕೆ ಮೊದಲ ನೋಟಕ್ಕೆ ಅರ್ಥವಾಗುವುದಿಲ್ಲ. ಅದನ್ನು ಸಾಮಾನ್ಯ ಎಸ್ ಎಂದೇ ಟೈಪ್ ಮಾಡಿ.

ಇನ್ನು ಸಂಕ್ಷೇಪಗಳು. ಶಾಯಿ ಮತ್ತು ಸಮಯ ಉಳಿಸಲು ಗುಮಾಸ್ತರು ಹೆಸರುಗಳನ್ನೂ ಮೊಟಕು ಮಾಡುತ್ತಿದ್ದರು: ವಿಲಿಯಂ ಎಂಬುದಕ್ಕೆ ಡಬ್ಲ್ಯೂ ಎಂ, ಜಾನ್ ಎಂಬುದಕ್ಕೆ ಜೆ ಎನ್ ಓ, ಚಾರ್ಲ್ಸ್ ಎಂಬುದಕ್ಕೆ ಸಿ ಎಚ್ ಎ ಎಸ್, ಕೊನೆಯ ಅಕ್ಷರ ಪುಟ್ಟದಾಗಿ ಮೇಲೇರಿ ಕುಳಿತಿರುತ್ತದೆ. ಪತ್ರಗಳಲ್ಲಿ ದಿನಾಂಕದ ನಂತರ ಬರುವ ‘ಇನ್‌ಸ್ಟ್’ ಎಂದರೆ ಇದೇ ತಿಂಗಳು, ‘ಅಲ್ಟ್’ ಎಂದರೆ ಹಿಂದಿನ ತಿಂಗಳು. ಪಟ್ಟಿಗಳಲ್ಲಿ ಡಿ ಮತ್ತು ಓ ಎಂಬ ಎರಡಕ್ಷರ ಸಾಲುಸಾಲಾಗಿ ಕೆಳಗಿಳಿದಿದ್ದರೆ ಅದು ‘ಮಾಡು’ ಎಂಬ ಕ್ರಿಯಾಪದವಲ್ಲ, ‘ಮೇಲಿನಂತೆ’ ಎಂಬುದರ ಗುರುತು. ಕಪ್ಪು ಜನರನ್ನು ಆಗ ಕರೆಯುತ್ತಿದ್ದ ‘ಕಲರ್ಡ್’ ಎಂಬುದನ್ನು ಸಿ ಓ ಎಲ್, ಮೇಲೊಂದು ಚುಕ್ಕೆ, ಡಿ ಎಂದು ಬರೆದಿರುತ್ತಾರೆ. ಇವನ್ನೆಲ್ಲ ಅರ್ಥ ಮಾಡಿಕೊಳ್ಳಬೇಕು, ಆದರೆ ಬಿಡಿಸಿ ಬರೆಯಬಾರದು. ಪುಟದಲ್ಲಿ ಮೊಟಕಾಗಿದ್ದರೆ ನಿಮ್ಮ ಪ್ರತಿಯಲ್ಲಿಯೂ ಮೊಟಕಾಗಿಯೇ ಇರಲಿ.

ಪದವೊಂದು ಎಷ್ಟು ನೋಡಿದರೂ ಬಗ್ಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡುವುದಕ್ಕಿಂತ ಕೆಲವೊಮ್ಮೆ ಚಿಕ್ಕದು ಮಾಡಿ ದೂರದಿಂದ ನೋಡಿದಾಗ ಪದದ ಒಟ್ಟು ಆಕಾರ ಹೊಳೆಯುತ್ತದೆ. ಸಾಲನ್ನು ಗಟ್ಟಿಯಾಗಿ ಓದಿದರೂ ಬಿಟ್ಟ ಪದ ಬಾಯಿಗೆ ಬಂದುಬಿಡುವುದುಂಟು.

ಇದ್ದದ್ದನ್ನು ಇದ್ದ ಹಾಗೆ

ಈ ಕೆಲಸದ ನಿಯಮಗಳೆಲ್ಲ ಒಂದೇ ನಿಯಮದ ಕೊಂಬೆಗಳು: ಪುಟದಲ್ಲಿ ಏನಿದೆಯೋ ಅದನ್ನು ಟೈಪ್ ಮಾಡಬೇಕು, ಏನಿರಬೇಕಾಗಿತ್ತು ಎಂದು ನಮಗನ್ನಿಸುವುದನ್ನಲ್ಲ. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ, ವಿರಾಮ ಚಿಹ್ನೆ ಇಲ್ಲದಿದ್ದರೆ ಇಲ್ಲದೆಯೇ. ಅನುವಾದವನ್ನಂತೂ ಮಾಡಲೇಬಾರದು.

ನಾನು ಆರಂಭದ ದಿನಗಳಲ್ಲಿ ಒಂದು ಕರಾರಿನಲ್ಲಿದ್ದ ‘ಜೇಮ್ಸ್’ ಎಂಬ ಹೆಸರಿನ ನಡುವೆ ಒಂದು ಇ ಹೆಚ್ಚಾಗಿರುವುದನ್ನು ಕಂಡು, ಗುಮಾಸ್ತನ ಕೈತಪ್ಪೆಂದು ತಿಳಿದು, ಸರಿಪಡಿಸಿ ಬರೆದಿದ್ದೆ. ಪರಿಶೀಲಿಸಿದವರು ಆ ಇ ಅಕ್ಷರವನ್ನು ಮತ್ತೆ ಇದ್ದ ಜಾಗಕ್ಕೆ ತಂದಿಟ್ಟಿದ್ದರು. ಆಮೇಲೆ ಕೂತು ಯೋಚಿಸಿದಾಗ ತಿಳಿಯಿತು: ಬರೆಯಲು ಬಾರದ ವ್ಯಕ್ತಿ ತನ್ನ ಹೆಸರನ್ನು ಬಾಯಿಂದ ಹೇಳಿದ್ದಾನೆ, ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಆ ಹೆಚ್ಚಿನ ಅಕ್ಷರದಲ್ಲಿ ಆತ ತನ್ನ ಹೆಸರನ್ನು ಉಚ್ಚರಿಸಿದ ದನಿ ಉಳಿದಿರಬಹುದು, ಅವನ ಮೊಮ್ಮಕ್ಕಳು ಮುಂದೆ ಅದೇ ಕಾಗುಣಿತವನ್ನು ಉಳಿಸಿಕೊಂಡು ಬಂದಿರಲೂಬಹುದು. ನಾನು ಅದನ್ನು ಅಳಿಸಿಹಾಕಿದ್ದೆ. ಅಂದಿನಿಂದ ಹೆಸರುಗಳನ್ನು ಮೂರು ಬಾರಿ ನೋಡದೆ ಮುಂದೆ ಹೋಗುವುದಿಲ್ಲ.

ಓದಲಾಗದ ಪದಕ್ಕೆ ಬೈ ದ ಪೀಪಲ್ ತಾಣದಲ್ಲಿ ಚೌಕ ಆವರಣದೊಳಗೆ ಪ್ರಶ್ನಾರ್ಥಕ ಚಿಹ್ನೆ, ಅಂದರೆ [?] ಎಂದು ಹಾಕಬೇಕು, ಸ್ಮಿತ್ಸೋನಿಯನ್ ತಾಣದಲ್ಲಿ ಆವರಣಗಳು ಎರಡೆರಡು, [[?]] ಎಂದು. ಊಹೆ ಇದ್ದರೆ ಊಹಿಸಿದ ಪದವನ್ನು ಬರೆದು ಅದರ ಪಕ್ಕದಲ್ಲೇ ಪ್ರಶ್ನಾರ್ಥಕವನ್ನಿಟ್ಟು ಆವರಣದೊಳಗೆ ಸೇರಿಸಿ. ತಪ್ಪು ಪದವನ್ನು ಧೈರ್ಯವಾಗಿ ಬರೆಯುವುದಕ್ಕಿಂತ ಈ ಚಿಹ್ನೆ ಎಷ್ಟೋ ಮೇಲು, ಏಕೆಂದರೆ ಮುಂದಿನವರು ಅಲ್ಲಿಯೇ ನಿಂತು ನೋಡುತ್ತಾರೆ. ಬರೆದವರು ಹೊಡೆದುಹಾಕಿದ ಪದಗಳನ್ನು ಬಿಡಬಾರದು, ಆಯಾ ತಾಣದ ಚಿಹ್ನೆಯೊಡನೆ ದಾಖಲಿಸಬೇಕು. ಡಗ್ಲಸರ ಕರಡುಗಳಲ್ಲಿ ಅವರು ಯಾವ ಪದವನ್ನು ಬೇಡವೆಂದರು ಎಂಬುದೂ ತಿಳಿಯಬೇಕಾದ ವಿಷಯವೇ. ಸಾಲಿನ ಮೇಲೆ ಸೇರಿಸಿದ ಪದವನ್ನು ಓದುವಾಗ ಎಲ್ಲಿ ಬರಬೇಕೋ ಅಲ್ಲಿ ಸೇರಿಸಿ. ಅಂಚಿನಲ್ಲಿ ಬರೆದ ಟಿಪ್ಪಣಿ, ಮುದ್ರೆ, ಅಚ್ಚಾದ ಶೀರ್ಷಿಕೆ ಎಲ್ಲವೂ ಪಠ್ಯದ ಭಾಗಗಳೇ. ಪಟ್ಟಿಗಳನ್ನು ಎಡದಿಂದ ಬಲಕ್ಕೆ ಒಂದೊಂದೇ ಅಡ್ಡಸಾಲಾಗಿ ಟೈಪ್ ಮಾಡಿ, ಎಂದಿಗೂ ಕಂಬಸಾಲಾಗಿ ಅಲ್ಲ. ಇಲ್ಲವಾದರೆ ಹೆಸರೊಂದು ಕಡೆ, ವಯಸ್ಸು ಇನ್ನೊಂದು ಕಡೆ ಹೋಗಿಬಿಡುತ್ತದೆ.

ಬ್ಯೂರೋದ ಮದುವೆ ನೋಂದಣಿಗಳಲ್ಲಿ ಈ ಎಚ್ಚರ ಎಷ್ಟು ಅಗತ್ಯವೆಂಬುದು ಅರಿವಾಗುತ್ತದೆ. ಕೆಲವು ರಾಜ್ಯಗಳ ನೋಂದಣಿ ಪುಸ್ತಕಗಳಲ್ಲಿ ಗಂಡ ಹೆಂಡಿರ ಹೆಸರು, ವಯಸ್ಸುಗಳ ಪಕ್ಕದಲ್ಲಿ, ಹಿಂದೆ ಬೇರೆ ಸಂಗಾತಿಯೊಡನೆ ಎಷ್ಟು ವರ್ಷ ಬಾಳಿದ್ದರು, ಯಾವ ಕಾರಣಕ್ಕೆ ಅಗಲಿದರು, ಎಷ್ಟು ಮಕ್ಕಳು ಎಂಬ ಅಂಕಣಗಳಿವೆ. ಅಗಲಿಕೆಯ ಕಾರಣದ ಅಂಕಣದಲ್ಲಿ ಸಾವು ಎಂದಿರಬಹುದು, ಮಾರಾಟ ಎಂದಿರಬಹುದು, ಬಲವಂತ ಎಂದಿರಬಹುದು. ಒಂದು ಸಾಲು ಮೇಲೆ ಕೆಳಗಾದರೆ ಒಬ್ಬಳ ದುಃಖ ಇನ್ನೊಬ್ಬಳ ಹೆಸರಿಗೆ ಸೇರಿಹೋಗುತ್ತದೆ.

ನೋಯಿಸುವ ಪದಗಳು

ಇಂತಹ ಕಾಗದಗಳಲ್ಲಿ ಇಂದು ಯಾರೂ ಬಾಯಲ್ಲಿ ಹೇಳಬಾರದ ಜನಾಂಗೀಯ ಬೈಗುಳಗಳು, ಹಲ್ಲೆಯ ವಿವರಗಳು, ಮಕ್ಕಳನ್ನು ಕಿತ್ತುಕೊಂಡ ವೃತ್ತಾಂತಗಳು ಬರುತ್ತವೆ. ಅವನ್ನು ಮೃದು ಮಾಡಬೇಡಿ, ಚುಕ್ಕೆಗಳಿಂದ ಮುಚ್ಚಬೇಡಿ. ಬರೆದವನ ಭಾಷೆ ಅವನ ಮೇಲಿನ ಸಾಕ್ಷಿ, ಅದನ್ನು ಅಳಿಸಿದರೆ ಉಪಕಾರವಾಗುವುದು ಅವನಿಗೇ. ಆದರೆ ಓದುವವರ ಮನಸ್ಸೂ ಮುಖ್ಯ. ಭಾರವೆನಿಸಿದರೆ ಆ ಪುಟವನ್ನು ಅರ್ಧಕ್ಕೆ ಉಳಿಸಿ ಎದ್ದುಹೋಗಿ, ಬೇರೆ ಪುಟ ತೆಗೆದುಕೊಳ್ಳಿ; ಉಳಿದರ್ಧವನ್ನು ಇನ್ನೊಬ್ಬರು ಮುಗಿಸುತ್ತಾರೆ. ಮಕ್ಕಳೊಡನೆ ಮಾಡುವುದಾದರೆ ಪುಟಗಳನ್ನು ಹಿರಿಯರು ಮೊದಲೇ ಓದಿ ಆರಿಸಿಡಬೇಕು.

ಪರಿಶೀಲನೆ

ಒಬ್ಬರು ಮುಗಿಸಿ ಕಳಿಸಿದ ಪುಟವನ್ನು ಇನ್ನೊಬ್ಬ ಸ್ವಯಂಸೇವಕರು ಪರಿಶೀಲಿಸುತ್ತಾರೆ. ತಾವು ಮಾಡಿದ್ದನ್ನು ತಾವೇ ಒಪ್ಪುವಂತಿಲ್ಲ. ಹೊಸಬರು ಟೈಪ್ ಮಾಡಲಷ್ಟೇ ಉತ್ಸಾಹ ತೋರಿಸುವುದರಿಂದ ಪರಿಶೀಲನೆಗೆ ಕಾದಿರುವ ಪುಟಗಳು ಗುಡ್ಡೆ ಬೀಳುತ್ತವೆ. ಕೈ ಪಳಗಿದ ಮೇಲೆ ಒಂದು ಪುಟ ಟೈಪ್ ಮಾಡಿದರೆ ಎರಡು ಪುಟ ಪರಿಶೀಲಿಸುವ ಅಭ್ಯಾಸ ಇಟ್ಟುಕೊಳ್ಳಿ. ಪರಿಶೀಲಿಸುವಾಗ ಮೊದಲು ಚಿತ್ರ ಓದಿ, ನಂತರ ಪಠ್ಯ ನೋಡಿ. ಪಠ್ಯವನ್ನೇ ಮೊದಲು ಓದಿದರೆ ಮನಸ್ಸು ಅದನ್ನೇ ಚಿತ್ರದಲ್ಲಿ ಕಂಡುಬಿಡುತ್ತದೆ. ಯಂತ್ರ ಓದಿಕೊಟ್ಟ ಕರಡು ಇರುವ ಕಡೆಯೂ ಇದೇ ಮಾತು: ಅಚ್ಚಿನ ಪುಟದಲ್ಲಿ ಅದು ಸಮಯ ಉಳಿಸುತ್ತದೆ, ಆದರೆ ಹೆಸರುಗಳಲ್ಲಿ ಮತ್ತು ಅಂಕಿಗಳಲ್ಲಿ ಅದನ್ನು ನಂಬಬಾರದು.

ಗುಂಪಿನಲ್ಲಿ ಮಾಡುವುದು

ಡಗ್ಲಸ್ ದಿನವನ್ನು ನಿಮ್ಮ ಊರಿನಲ್ಲೇ ಮಾಡಬೇಕೆಂದಿದ್ದರೆ ಎಂಟು ಹತ್ತು ಜನ, ಅವರ ಲ್ಯಾಪ್‌ಟಾಪ್‌ಗಳು, ನಂಬಬಹುದಾದ ವೈಫೈ, ಸಾಕಷ್ಟು ಪ್ಲಗ್ ಪಾಯಿಂಟ್‌ಗಳಿರುವ ಒಂದು ಕೋಣೆ ಸಾಕು. ಗ್ರಂಥಾಲಯದ ಸಭಾಂಗಣವೋ ಕಾಲೇಜಿನ ಕಂಪ್ಯೂಟರ್ ಕೋಣೆಯೋ ಸಿಕ್ಕರೆ ಇನ್ನೂ ಒಳ್ಳೆಯದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಫೆಬ್ರವರಿಯ ಮಧ್ಯಾಹ್ನ 12 ಗಂಟೆಯೆಂದರೆ ನಮಗೆ ರಾತ್ರಿ 10.30, ಡಗ್ಲಸ್ ದಿನದಂದು ಅಲ್ಲಿಂದ ಬರುವ ನೇರ ಪ್ರಸಾರಕ್ಕಾಗಿ ಕಾಯದೆ ನಮ್ಮ ಹಗಲಿನಲ್ಲೇ ಆರಂಭಿಸುವುದು ಅನುಕೂಲ. ಅಮೆರಿಕದಲ್ಲಿರುವ ಕನ್ನಡಿಗರು ಹತ್ತಿರದ ವಿಶ್ವವಿದ್ಯಾಲಯ ಅಥವಾ ಗ್ರಂಥಾಲಯ ನಡೆಸುವ ಕೂಟಕ್ಕೆ ಹೋಗುವುದು ಒಳ್ಳೆಯದು, ಏಕೆಂದರೆ ಈ ದಾಖಲೆಗಳು ಯಾರ ಪೂರ್ವಿಕರವೋ ಅವರ ಪಕ್ಕದಲ್ಲಿ ಕುಳಿತು ಓದುವ ಅವಕಾಶ ಅಲ್ಲಿರುತ್ತದೆ.

ಮೊದಲ ಅರ್ಧ ಗಂಟೆ ಟೈಪಿಂಗ್ ಬೇಡ. ಡಗ್ಲಸರ ಬದುಕು, ಆ ವರ್ಷದ ಸಂಗ್ರಹ ಯಾರದು ಎಂಬುದನ್ನು ಒಬ್ಬರು ವಿವರಿಸಲಿ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಬಾಳುತ್ತಿರುವ ಸಿದ್ದಿ ಸಮುದಾಯದ ಪೂರ್ವಿಕರೂ ಆಫ್ರಿಕಾದಿಂದ ಬಂದವರು, ಅನೇಕರು ಗುಲಾಮರಾಗಿಯೇ ಕಡಲು ದಾಟಿದವರು. ಸಭೆಯಲ್ಲಿ ಈ ಮಾತು ಬಂದರೆ ದೂರದ ಕಾಗದ ಹತ್ತಿರವಾಗುತ್ತದೆ. ನಂತರ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಟೈಪ್ ಮಾಡಲಿ, ಪುಟಕ್ಕೊಮ್ಮೆ ಸ್ಥಾನ ಬದಲಿಸಲಿ. ಬಿಡಿಸಲಾಗದ ಪದವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿ ಎಲ್ಲರೂ ಸೇರಿ ಓದುವಾಗ ಮೂಲೆಯಲ್ಲಿ ಕುಳಿತ ಯಾರೋ ಥಟ್ಟನೆ ಹೇಳಿಬಿಡುತ್ತಾರೆ. ಎಷ್ಟು ಪುಟ ಮುಗಿಯಿತು ಎಂಬ ಸ್ಪರ್ಧೆಯನ್ನು ಮಾತ್ರ ಇಡಬೇಡಿ. ವೇಗ ಬಂದ ಕಡೆ ಹೆಸರುಗಳು ಕೆಡುತ್ತವೆ. ಹುಟ್ಟುಹಬ್ಬವಾದ್ದರಿಂದ ಕೇಕ್ ಕತ್ತರಿಸುವ ರೂಢಿ ಅಲ್ಲಿದೆ, ಇಲ್ಲಿ ಕೇಸರಿಬಾತೂ ಆದೀತು.

ಪುಟ ಮುಗಿದ ಮೇಲೆ

ಕಳಿಸುವ ಗುಂಡಿ ಒತ್ತುವ ಮೊದಲು ಹೆಸರುಗಳನ್ನೂ ದಿನಾಂಕಗಳನ್ನೂ ಚಿತ್ರದೊಡನೆ ಕೊನೆಯ ಸಲ ತಾಳೆ ನೋಡಿ. ಪುಟ ಅರ್ಧವಾಗಿದ್ದರೆ ಉಳಿಸಿ ಬಿಡಿ, ಕಳಿಸಬೇಡಿ. ಪರಿಶೀಲನೆ ಮುಗಿದ ಪಠ್ಯ ಆಯಾ ಸಂಸ್ಥೆಯ ಕಡೆಯಿಂದ ಅದರ ತಾಣಕ್ಕೆ ಸೇರುತ್ತದೆ. ಅಲ್ಲಿಂದ ಮುಂದೆ ಕಣ್ಣು ಕಾಣದವರ ಓದುವ ಯಂತ್ರಕ್ಕೂ ಅದು ಸಿಗುತ್ತದೆ, ವಂಶ ಹುಡುಕುವವರಿಗೂ ಸಿಗುತ್ತದೆ. ನೀವು ಮಾಡಿದ ಪುಟಗಳಲ್ಲಿ ಬಂದ ಒಂದೆರಡು ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಕೆಲವು ತಿಂಗಳು ಬಿಟ್ಟು ಆ ತಾಣದ ಹುಡುಕು ಪೆಟ್ಟಿಗೆಯಲ್ಲಿ ಹಾಕಿ ನೋಡಿ. ಕತ್ತರಿ ಗುರುತು ಹಾಕಿ ಕರಾರಿಗೆ ಒಪ್ಪಿದ ಆ ಮನುಷ್ಯನ ಹೆಸರು, ಹೆಚ್ಚಿನ ಅಕ್ಷರದ ಸಮೇತ, ಅಲ್ಲಿ ಬರುತ್ತದೆ.